ಕೋಡಿ ಬಿದ್ದ ಮೇಲೆ ದುಡ್ಡು ಯಾರದು?

(ಗೌರಿಬಿದನೂರಿನಲ್ಲಿ ವರ್ತಕರು ಮತ್ತು ನಿವಾಸಿಗಳು ಸೇರಿದ್ದ ಸಭೆಯೊಂದರಲ್ಲಿ, ಕಂದಾಯ ಇಲಾಖೆಯಿಂದ ನಿವೃತ್ತರಾದವರೊಬ್ಬರು ಆಡಿದ ಮಾತುಗಳ ಬರಹ ರೂಪ.)

ಅಂಗಡಿ ಇಟ್ಟಿರುವವರು ಒಮ್ಮೆ ಕೈ ಎತ್ತಿ, ನೋಡೋಣ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಅದರಲ್ಲಿ ಬಾಡಿಗೆ ಅಂಗಡಿಯವರು? ಹೆಚ್ಚುಕಮ್ಮಿ ಅವೇ ಕೈಗಳು. ಸರಿ, ಇಳಿಸಿ. ನನ್ನ ಕೈಯಲ್ಲಿರುವುದು ಸರ್ಕಾರದ ವಿಪತ್ತು ಪರಿಹಾರದ ದರಪಟ್ಟಿ. ಇದರಲ್ಲಿ ಹಸು ಇದೆ, ಕುರಿ ಇದೆ, ಕೋಳಿಗೂ ಒಂದು ರೇಟು ಇದೆ. ಬೆಳೆ ಇದೆ, ಮನೆ ಇದೆ, ಕೈಮಗ್ಗದವರ ಸಲಕರಣೆ ಇದೆ, ಮೀನುಗಾರರ ಬಲೆ ಇದೆ. ದಿನಸಿ ಅಂಗಡಿ ಇಲ್ಲ. ಬಟ್ಟೆ ಅಂಗಡಿ, ಎಲೆಕ್ಟ್ರಿಕಲ್ ಅಂಗಡಿ, ಹೋಟೆಲ್, ಜೆರಾಕ್ಸ್ ಅಂಗಡಿ ಯಾವುದೂ ಇಲ್ಲ. ಅಂದರೆ ಈಗ ಕೈ ಎತ್ತಿದವರ ಗೋಡೌನಿಗೆ ನೀರು ನುಗ್ಗಿದರೆ, ಒಳಗಿದ್ದ ಸರಕಿಗೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ಇವತ್ತು ನಾನು ಹೇಳಬೇಕಾದದ್ದೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಈ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿರಬೇಕು. 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದಕ್ಕೆ ಮುಂಚೆ 2001ರಲ್ಲಿ ಭುಜ್ ಭೂಕಂಪ ಆಗಿತ್ತು, 2004ರ ಕೊನೆಗೆ ಸುನಾಮಿ ಬಂದಿತ್ತು. ಆ ಕಾಯ್ದೆಯ ಪ್ರಕಾರ ಪ್ರತಿ ರಾಜ್ಯಕ್ಕೂ ಒಂದು ವಿಪತ್ತು ಪರಿಹಾರ ನಿಧಿ. ಇಲಾಖೆಯಲ್ಲಿ ಇದನ್ನು ಎಸ್‌ಡಿಆರ್‌ಎಫ್ ಅಂತಲೇ ಕರೆಯುತ್ತೇವೆ. ನಮ್ಮಂಥ ರಾಜ್ಯಗಳಲ್ಲಿ ಅದಕ್ಕೆ ಕೇಂದ್ರ ನೂರಕ್ಕೆ 75 ಹಾಕುತ್ತದೆ, ರಾಜ್ಯ 25 ಹಾಕುತ್ತದೆ. ರಾಜ್ಯದ ನಿಧಿ ಸಾಲದಿದ್ದರೆ ಇಂಥದ್ದೇ ಕೇಂದ್ರದ ನಿಧಿಯಾದ ಎನ್‌ಡಿಆರ್‌ಎಫ್ ಬಾಗಿಲು ತಟ್ಟಬೇಕು. ಇದು ತಕ್ಷಣದ ನೆರವಿನ ದುಡ್ಡು, ಆದ ನಷ್ಟವನ್ನು ಪೂರ್ತಿ ತುಂಬಿಕೊಡುವ ದುಡ್ಡಲ್ಲ. ಕೇಂದ್ರ ಗೃಹ ಇಲಾಖೆ ಇದನ್ನು ಮತ್ತೆ ಮತ್ತೆ ಹೇಳುತ್ತಲೇ ಬಂದಿದೆ. ನಾವು ಮಾತ್ರ ಕೇಳಿಸಿಕೊಂಡಿಲ್ಲ.

ರೇಟು ನೋಡಿದರೆ ನಿಮಗೇ ಅರ್ಥ ಆಗುತ್ತದೆ. 2022ರಿಂದ 26ರ ಅವಧಿಗೆ ಮಾಡಿದ ದರದಲ್ಲಿ, ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ನೀರಾವರಿಗೆ 17,000. ತೋಟದ ಬಹುವಾರ್ಷಿಕ ಬೆಳೆಗೆ 22,500. ಬೆಳೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹಾಳಾಗಿದ್ದರೆ ಏನೂ ಇಲ್ಲ. ನಿಮಗೆ ಎಷ್ಟೇ ಜಮೀನಿರಲಿ, ಲೆಕ್ಕ ಎರಡು ಹೆಕ್ಟೇರಿಗೇ ನಿಲ್ಲುತ್ತದೆ. ಅಂದರೆ ಹತ್ತಿರ ಹತ್ತಿರ ಐದು ಎಕರೆ. ಹೆಕ್ಟೇರ್ ಅಂದರೆ ನಮ್ಮ ಕಡೆ ಯಾರಿಗೂ ಕಣ್ಣಿಗೆ ಕಟ್ಟುವುದಿಲ್ಲ, ಗುಂಟೆಯಲ್ಲಿ ಹೇಳುತ್ತೇನೆ. 8,500ನ್ನು ಗುಂಟೆಗೆ ಇಳಿಸಿದರೆ 86 ರೂಪಾಯಿ ಬರುತ್ತದೆ. ಒಂದು ಗುಂಟೆ ರಾಗಿ ಕಟಾವಿನ ಕೂಲಿ ಎಷ್ಟು ಅಂತ ಇಲ್ಲಿ ಕೂತಿರುವ ರೈತರೇ ಹೇಳಲಿ.

2021ರ ನವೆಂಬರ್ ನೆನಪಿದೆ ಅಲ್ವಾ? ಬಂಗಾಳ ಕೊಲ್ಲಿಯಲ್ಲಿ ಒಂದರ ಹಿಂದೆ ಒಂದು ವಾಯುಭಾರ ಕುಸಿತ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಯಲ್ಲಿ ಬಿಡುವಿಲ್ಲದ ಮಳೆ. ಸರಿಯಾಗಿ ರಾಗಿ ಕೊಯ್ಲಿನ ಹೊತ್ತು. ಹೊಲಕ್ಕೆ ಸರ್ವೆಗೆ ಹೋದಾಗ ರಾಗಿ ಪೂರ್ತಿ ಮಲಗಿತ್ತು. ಬಗ್ಗಿ ಒಂದು ತೆನೆ ಎತ್ತಿ ನೋಡಿದರೆ ಕಾಳಿನ ತುದಿಯಲ್ಲಿ ಬಿಳಿ ಮೊಳಕೆ. ಕೈಯಲ್ಲಿ ತಿಕ್ಕಿದರೆ ಜಿಗಟು, ಹುಳಿ ವಾಸನೆ. ಹುಲ್ಲಾದರೂ ಉಳಿಯುತ್ತದೇನೋ ಅಂದರೆ ಅದೂ ಬುಡದಿಂದ ಕಪ್ಪಗಾಗಿತ್ತು. ಹಸು ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಆಗ ನಿಧಿಯ ದರ ಹೆಕ್ಟೇರಿಗೆ 6,800. ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ತನ್ನ ಕಡೆಯಿಂದ ಇನ್ನೊಂದು 6,800 ಸೇರಿಸಿ 13,600 ಮಾಡಿತು. ಒಳ್ಳೆಯದೇ ಆಯಿತು. ಆದರೆ ಆ ಮೇಲಿನ ದುಡ್ಡು ಆ ಹೊತ್ತಿನ ಸರ್ಕಾರದ ಮನಸ್ಸಿಗೆ ಬಿಟ್ಟಿದ್ದು, ಹಕ್ಕು ಅಂತ ಕೇಳುವ ಹಾಗಿಲ್ಲ.

ಮನೆಯ ವಿಷಯದಲ್ಲೂ ಇದೇ. ನಿಧಿಯ ಲೆಕ್ಕದಲ್ಲಿ ಬಯಲುಸೀಮೆಯಲ್ಲಿ ಮನೆ ಪೂರ್ತಿ ಬಿದ್ದರೆ 1,20,000. 2022ರ ದರಕ್ಕಿಂತ ಮುಂಚೆ 95,100 ಇತ್ತು. 2019ರ ನೆರೆಯ ನಂತರ ರಾಜ್ಯ ಅದನ್ನು ಐದು ಲಕ್ಷದವರೆಗೆ ಏರಿಸಿತು. ಆಗ ಬಂದದ್ದೇ ಎ, ಬಿ, ಸಿ ಅನ್ನುವ ವರ್ಗ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬಿದ್ದರೆ ಎ. ಕಾಲು ಭಾಗದಿಂದ ಮುಕ್ಕಾಲಿನವರೆಗೆ ಬಿ. ಅದಕ್ಕಿಂತ ಕಡಿಮೆ ಇದ್ದರೆ ಸಿ. ಹಾನಿ ಶೇ 15ಕ್ಕಿಂತ ಕೆಳಗಿದ್ದರೆ ಮನೆಗೆ ಪರಿಹಾರವೇ ಇಲ್ಲ. ಆಗ ಎ ವರ್ಗಕ್ಕೆ ಐದು ಲಕ್ಷ, ಸಿ ವರ್ಗಕ್ಕೆ 50 ಸಾವಿರ ಇತ್ತು. ನಡುವೆ ಎಷ್ಟು ಅಂತರ ನೋಡಿ. ಈ ಅಂತರ ತೀರ್ಮಾನ ಆಗುವುದು ಒಂದು ಬೆಳಿಗ್ಗೆ, ಬಿದ್ದ ಗೋಡೆಯ ಮುಂದೆ, ಕಾಲು ಗಂಟೆಯೊಳಗೆ.

ಆ ಕಾಲು ಗಂಟೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದನ್ನು ಒಳಗಿನಿಂದ ನೋಡಿದವನು ನಾನು. ಮಣ್ಣಿನ ಗೋಡೆ ಮಳೆ ಬರುವಾಗ ಬೀಳುವುದು ಕಡಿಮೆ. ನೆನೆದು ಉಬ್ಬಿ, ಮಳೆ ನಿಂತು ಬಿಸಿಲು ಬಿದ್ದ ಮೇಲೆ ಧೊಪ್ಪನೆ ಕೂರುತ್ತದೆ. ಅಷ್ಟು ಹೊತ್ತಿಗೆ ಸರ್ವೆ ತಂಡ ಒಂದು ಸಲ ಬಂದು ಹೋಗಿರುತ್ತದೆ. ಆಗ ಬರೀ ಬಿರುಕು ಇತ್ತು, ಸಿ ಅಂತ ಬರೆದುಕೊಂಡು ಹೋಗಿರುತ್ತಾರೆ. ಎರಡು ದಿನಕ್ಕೆ ಗೋಡೆಯೇ ಇಲ್ಲ. ಇನ್ನು ಕೆಲವರು ಸಾಹೇಬರು ಬರುವಷ್ಟರಲ್ಲಿ ಮನೆ ಚೊಕ್ಕಟವಾಗಿರಲಿ ಅಂತ ಬಿದ್ದ ಮಣ್ಣನ್ನೆಲ್ಲ ಬಾಚಿ, ಟಾರ್ಪಾಲು ಕಟ್ಟಿ, ನೆಲ ಸಾರಿಸಿಬಿಟ್ಟಿರುತ್ತಾರೆ. ನಮ್ಮ ಹೆಣ್ಣುಮಕ್ಕಳ ಮರ್ಯಾದೆ ಅದು, ತಪ್ಪು ಅನ್ನುವುದಕ್ಕಾಗುವುದಿಲ್ಲ. ಆದರೆ ಮಹಜರಿನಲ್ಲಿ ಬರೆಯುವುದಕ್ಕೆ ಕಣ್ಣಿಗೆ ಏನಾದರೂ ಕಾಣಬೇಕಲ್ಲ! ಗ್ರಾಮ ಲೆಕ್ಕಿಗರು, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿ, ಜೊತೆಗೆ ಒಬ್ಬ ಎಂಜಿನಿಯರ್, ಮನೆಯವರನ್ನು ಗೋಡೆ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಜಾಗದ ಗುರುತಿನ ಸಮೇತ ಫೋಟೊ ತೆಗೆಯುತ್ತಾರೆ. ಅಕ್ಕಪಕ್ಕದವರ ಸಹಿ ಹಾಕಿಸುತ್ತಾರೆ. ಮುಂದೆ ಎಷ್ಟು ಮೇಲ್ಮನವಿ ಹಾಕಿದರೂ ಎಲ್ಲರೂ ತಿರುಗಿ ನೋಡುವುದು ಆ ಫೋಟೊವನ್ನೇ.

ಅದಕ್ಕೇ ಹೇಳುವುದು, ಮಳೆ ನಿಂತ ತಕ್ಷಣ ನಾಲ್ಕು ದಿಕ್ಕಿನಿಂದ ನೀವೇ ಫೋಟೊ ತೆಗೆದಿಡಿ. ಒಂದು ಫೋಟೊದಲ್ಲಾದರೂ ಬಾಗಿಲ ನಂಬರು, ಇಲ್ಲವೇ ಪಕ್ಕದ ಕರೆಂಟು ಕಂಬ ಬರಲಿ. ಗೋಡೆ ಆಮೇಲೆ ಬಿದ್ದರೆ ಅದೇ ದಿನ ಅರ್ಜಿ ಕೊಡಿ. ಹಸು ಸತ್ತರೆ ಹೂಳುವ ಮುಂಚೆ ಪಶು ವೈದ್ಯರನ್ನು ಕರೆಸಿ, ಮರಣೋತ್ತರ ಪರೀಕ್ಷೆಯ ಚೀಟಿ ತೆಗೆದುಕೊಳ್ಳಿ. ಕರೆಯುವ ಹಸುವಿಗೆ 37,500, ಕುರಿಗೆ 4,000 ಇದೆ. ಆ ಚೀಟಿ ಇಲ್ಲದೆ ಒದ್ದಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಆಧಾರ್ ಜೋಡಣೆಯೂ ಅಷ್ಟೇ. ದುಡ್ಡು ಹೋಗುವುದು ನೀವು ದಿನಾ ಬಳಸುವ ಖಾತೆಗಲ್ಲ, ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಯಾವಾಗಲೋ ಗ್ಯಾಸ್ ಸಬ್ಸಿಡಿಗೆ ಅಂತ ತೆರೆದ ಖಾತೆಯಲ್ಲಿ ಪರಿಹಾರದ ಹಣ ಸುಮ್ನೆ ಬಿದ್ದಿರುತ್ತದೆ. ಅವರು ಮಾತ್ರ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿಯುತ್ತಿರುತ್ತಾರೆ.

ಇನ್ನು ತಡದ ವಿಷಯ. 2023ರ ಬರ ನೋಡಿ. ಸೆಪ್ಟೆಂಬರಿನಲ್ಲಿ ಘೋಷಣೆ ಶುರುವಾಗಿ, ಕೊನೆಗೆ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತಾಯಿತು. ರಾಜ್ಯ ಕೇಳಿದ್ದು 18,171 ಕೋಟಿ. ಬರಲಿಲ್ಲ. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಕೇಂದ್ರ ಒಪ್ಪಿದ್ದು ಸುಮಾರು 3,454 ಕೋಟಿ. ಯಾವ ಪಕ್ಷ ಸರಿ, ಯಾವುದು ತಪ್ಪು ಅಂತ ನಾನು ಇಲ್ಲಿ ಹೇಳುವುದಿಲ್ಲ, ಅದಕ್ಕೆ ಬೇರೆ ವೇದಿಕೆಗಳಿವೆ. ಇಡೀ ರಾಜ್ಯ ಸರ್ಕಾರವೇ ಏಳು ತಿಂಗಳು ಕಾಯಬೇಕಾದರೆ ನಮ್ಮ ಊರಿನ ಒಂದು ಅರ್ಜಿ ಎಷ್ಟು ಕಾಯಬೇಕು, ಅಷ್ಟು ಯೋಚಿಸಿ ಸಾಕು.

ಈಗ ನೀರಿನ ಕಡೆಗೆ ಬರೋಣ. ನಮಗೆ ಬರ ಗೊತ್ತು. ನೆರೆ ಗೊತ್ತಿರಲಿಲ್ಲ. ಉತ್ತರ ಪಿನಾಕಿನಿ ಅಂದರೆ ಮರಳು ಅಂತಲೇ ಬೆಳೆದವರು ನಾವು. ಅದು ದಂಡೆ ತುಂಬಾ ಹರಿದಾಗ ಸೇತುವೆ ಮೇಲೆ ನಿಂತು ಫೋಟೊ ತೆಗೆಸಿಕೊಂಡೆವು, ಹೂವು ಬಿಟ್ಟೆವು, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದೆವು. ಸಂತೋಷ ಪಡಬೇಕಾದದ್ದೇ. ಆದರೆ ಕೆರೆ ಕೋಡಿ ಬಿದ್ದರೆ ಬಾಗಿನ ಬಿಡುವುದಕ್ಕೆ ಎಲ್ಲರೂ ಬರುತ್ತಾರೆ, ಕೋಡಿ ನೀರು ಮುಂದೆ ಎಲ್ಲಿ ಹೋಗುತ್ತದೆ ಅಂತ ಯಾರೂ ನೋಡುವುದಿಲ್ಲ.

ನಮ್ಮ ಕಡೆಯ ಕೆರೆಗಳು ಒಂಟಿ ಕೆರೆಗಳಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಕ್ಕೆ. ಮೇಲಿನದು ಒಡೆದರೆ ಕೆಳಗಿನವು ತಡೆಯುವುದಿಲ್ಲ. 1903ರ ನವೆಂಬರಿನಲ್ಲಿ ಪಾಲಾರ್ ಉಕ್ಕಿ, ತಮಿಳುನಾಡಿನ ವಾಣಿಯಂಬಾಡಿ ಹಾಳಾಗಿತ್ತು. ಆಗಲೂ ಮೇಲ್ಗಡೆಯ ಕೆರೆಗಳು ಒಡೆದಿದ್ದವು. ಆ ಪಾಲಾರ್ ಹರಿದು ಹೋಗುವುದು ನಮ್ಮ ಕೋಲಾರದ ಕಡೆಯಿಂದಲೇ.

ಆಮೇಲೆ ಇನ್ನೊಂದು ಬದಲಾವಣೆ ಆಗಿದೆ. ಕೋಲಾರಕ್ಕೆ 2018ರಿಂದ ಕೆ.ಸಿ. ವ್ಯಾಲಿ ನೀರು, ನಮ್ಮ ಜಿಲ್ಲೆಗೆ ಎಚ್.ಎನ್. ವ್ಯಾಲಿ ನೀರು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬಿಸುವ ಯೋಜನೆ. ಆ ನೀರಿನ ಗುಣಮಟ್ಟದ ಜಗಳ ಇವತ್ತು ಬೇಡ. ನಾನು ಹೇಳುವುದು ಜಾಗದ ಬಗ್ಗೆ. ಮುಂಚೆ ಅಕ್ಟೋಬರಿನಲ್ಲಿ ಎಷ್ಟೇ ಮಳೆ ಬಂದರೂ ಒಣಗಿದ ಕೆರೆ ಅದನ್ನು ಕುಡಿದುಬಿಡುತ್ತಿತ್ತು. ಮೊದಲೇ ತುಂಬಿದ ಕೆರೆಗೆ ಅದೇ ಮಳೆ ಬಿದ್ದರೆ ಒಂದೇ ರಾತ್ರಿಗೆ ಕೋಡಿ. 2021ರಲ್ಲಿ ಚಿಕ್ಕಬಳ್ಳಾಪುರದ ಕಂದವಾರ ಕೆರೆ ಕೋಡಿ ನೀರು ರಸ್ತೆಗೆ ಬಂದದ್ದನ್ನು ನೀವೂ ನೋಡಿದ್ದೀರಿ. ಕೆರೆ ತುಂಬಿಸುವುದಕ್ಕೆ ದುಡ್ಡು ಇಟ್ಟ ಹಾಗೆ ಕೋಡಿಯಿಂದ ಕೆಳಗಿನ ಕಾಲುವೆಗೂ ಇಡಬೇಕಿತ್ತು. ಇಟ್ಟದ್ದು ಬಹಳ ಕಡಿಮೆ ಅಂತ ನನ್ನ ಅಭಿಪ್ರಾಯ.

ಕಾಲುವೆ ಎಲ್ಲಿದೆ ಅಂತ ಕೇಳುತ್ತೀರಿ. ಗ್ರಾಮ ನಕ್ಷೆ ತೆಗೆದು ನೋಡಿ, ಇದೆ. ಪಹಣಿಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ ಅಂತ ಬರೆದಿರುತ್ತದೆ. ನೆಲದ ಮೇಲೆ ಹುಡುಕಿದರೆ ಲೇಔಟಿನ ರಸ್ತೆಯೋ ಯಾರದೋ ಕಾಂಪೌಂಡೋ ಸಿಗುತ್ತದೆ. ಎಂಟಡಿ ಕಾಲುವೆ ಊರೊಳಗೆ ಬರುವಾಗ ಎರಡಡಿ ಚರಂಡಿ ಆಗಿರುತ್ತದೆ, ಅದರ ಮೇಲೆ ಕಡಪಾ ಕಲ್ಲು, ಕಲ್ಲಿನ ಮೇಲೆ ನಮ್ಮದೇ ಅಂಗಡಿಯ ಮೆಟ್ಟಿಲು. ನಗಬೇಡಿ, ನಿಮ್ಮಲ್ಲಿ ಕೆಲವರ ಮೆಟ್ಟಿಲು ನನಗೆ ಗೊತ್ತು.

ಯಾರನ್ನು ಕೇಳಬೇಕು ಅನ್ನುವುದೂ ಗೋಜಲೇ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಹರಿಯುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆ ಪಂಚಾಯಿತಿ ಕಡೆಯದು. ಅದಕ್ಕಿಂತ ದೊಡ್ಡದು, 2,000 ಹೆಕ್ಟೇರಿನವರೆಗೆ, ಸಣ್ಣ ನೀರಾವರಿ ಇಲಾಖೆಯದು. ಊರೊಳಗಿನ ಚರಂಡಿ ನಗರಸಭೆಯದು. ಜಾಗ ಒತ್ತುವರಿ ಆಗಿದ್ದರೆ ತೆರವು ಮಾಡಿಸಬೇಕಾದವರು ಕಂದಾಯದವರು. ನೀರು ಮಾತ್ರ ಒಂದೇ. ಮಳೆಗಾಲದಲ್ಲಿ ಯಾವ ಕಚೇರಿಗೆ ಹೋದರೂ ಇನ್ನೊಂದು ಕಚೇರಿಯ ದಾರಿ ತೋರಿಸುತ್ತಾರೆ. ನಾನೂ ತೋರಿಸುವ ಕುರ್ಚಿಯಲ್ಲಿ ಕೂತಿದ್ದವನೇ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಈ ಕೆಲಸಕ್ಕೆ ಒಂದು ದುಡ್ಡು ಇದೆ. 15ನೇ ಹಣಕಾಸು ಆಯೋಗ 2021ರಿಂದ 26ರವರೆಗೆ ಎಲ್ಲ ರಾಜ್ಯಗಳ ವಿಪತ್ತು ನಿಧಿಗೆ ಸೇರಿ 1,60,153 ಕೋಟಿ ಲೆಕ್ಕ ಹಾಕಿತು. ಅದರಲ್ಲಿ ನೂರಕ್ಕೆ 80 ಪರಿಹಾರ ಮತ್ತು ಪುನರ್‌ನಿರ್ಮಾಣಕ್ಕೆ. ಉಳಿದ 20 ಅಪಾಯ ತಗ್ಗಿಸುವ ಕೆಲಸಕ್ಕೆ, ಅಂದರೆ ಅನಾಹುತ ಆಗುವ ಮುಂಚೆ ಖರ್ಚು ಮಾಡುವುದಕ್ಕೆ. ಏರಿ ಭದ್ರ ಮಾಡುವುದು, ಕೋಡಿ ಕಾಲುವೆ ಬಿಡಿಸುವುದು, ಇಂಥವು. ನೆರೆ ಬಂದಾಗ ಪರಿಹಾರಕ್ಕೆ ಕೂಗುವವರು ಸಾವಿರ ಜನ. ಈ 20ರಲ್ಲಿ ನಮ್ಮ ಊರಿಗೆ ಏನಿದೆ ಅಂತ ಕೇಳಿದವರನ್ನು ನನ್ನ ಸರ್ವಿಸಿನಲ್ಲಿ ನಾನು ಕಂಡಿಲ್ಲ. ಕೇಳುವ ಜಾಗ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ. ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಅವರು ಜಿಲ್ಲೆಗೆ ಒಂದು ವಿಪತ್ತು ಯೋಜನೆ ಮಾಡಬೇಕು, ಅದನ್ನು ಪ್ರತಿ ವರ್ಷ ಪರಿಶೀಲಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ಆ ಯೋಜನೆ ತೆಗೆದು ನಮ್ಮ ಊರಿನ ಹೆಸರಿದೆಯಾ, ಯಾವ ಬಡಾವಣೆ ತಗ್ಗು ಅಂತ ಬರೆದಿದ್ದಾರಾ ನೋಡಿ. ಬರೆದಿಲ್ಲದಿದ್ದರೆ ಬರೆಸಿ. ಯೋಜನೆಯಲ್ಲಿ ಹೆಸರೇ ಇಲ್ಲದ ಕಾಲುವೆಗೆ ಯಾವ ನಿಧಿಯಿಂದಲೂ ದುಡ್ಡು ಕೇಳುವುದು ಕಷ್ಟ.

ಅಂಗಡಿಯವರಿಗೆ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಪಟ್ಟಿಯಲ್ಲಿ ನೀವಿಲ್ಲ, ಹಾಗಾದರೆ ದಾರಿ ಯಾವುದು? ವಿಮೆ. ಮುಖ ಸಿಂಡರಿಸಬೇಡಿ. ಬೆಳೆ ವಿಮೆಯ ಕಹಿ ಅನುಭವ ಎಲ್ಲರಿಗೂ ಇದೆ, ಅದು ಬೇರೆ, ಇದು ಬೇರೆ. 2021ರ ಏಪ್ರಿಲ್ ಒಂದರಿಂದ ವಿಮಾ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ಥರದ ಪಾಲಿಸಿ ಮಾಡಿದೆ. ಮನೆಗೆ ಭಾರತ್ ಗೃಹ ರಕ್ಷಾ. ಐದು ಕೋಟಿವರೆಗಿನ ಅಂಗಡಿ, ಸಣ್ಣ ಉದ್ದಿಮೆಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಬೆಂಕಿ, ನೆರೆ, ಬಿರುಗಾಳಿ, ಸಿಡಿಲು, ಭೂಕಂಪ ಎಲ್ಲ ಒಂದೇ ಪಾಲಿಸಿಯಲ್ಲಿ. ಬಾಡಿಗೆ ಅಂಗಡಿಯವರು ಕಟ್ಟಡ ಬಿಟ್ಟು ಬರೀ ಸರಕಿಗೆ ಮಾಡಿಸಬಹುದು.

ಎರಡು ಕಡೆ ಎಚ್ಚರ ಬೇಕು. ಬ್ಯಾಂಕಿನಲ್ಲಿ ಸಾಲ ಇರುವವರು "ಬ್ಯಾಂಕಿನವರೇ ವಿಮೆ ಮಾಡಿಸಿದ್ದಾರೆ" ಅಂತ ಆರಾಮಾಗಿರುತ್ತೀರಿ. ಆ ಪಾಲಿಸಿಯನ್ನು ಒಮ್ಮೆ ಕೇಳಿ ತೆಗೆದು ಓದಿ. ವಿಳಾಸದಲ್ಲಿ ಅಂಗಡಿ ಮಾತ್ರ ಇದ್ದು, ಸರಕು ಹಿಂದಿನ ಬೀದಿಯ ಗೋಡೌನಿನಲ್ಲಿ ನೆನೆದರೆ ಕಂಪನಿ ಕೈ ಎತ್ತುತ್ತದೆ. ಇನ್ನೊಂದು, ಪ್ರೀಮಿಯಂ ಉಳಿಸುವುದಕ್ಕೆ ಸರಕಿನ ಬೆಲೆ ಕಡಿಮೆ ತೋರಿಸಬೇಡಿ. ಹತ್ತು ಲಕ್ಷದ ಸರಕಿಗೆ ಐದು ಲಕ್ಷ ಅಂತ ಬರೆಸಿದ್ದೀರಿ ಅಂದುಕೊಳ್ಳಿ. ಎರಡು ಲಕ್ಷದ ಸಕ್ಕರೆ, ರವೆ ಮೂಟೆ ಕರಗಿ ಹೋಯಿತು. ಐದು ಲಕ್ಷದ ಒಳಗೇ ಇದೆಯಲ್ಲ, ಎರಡೂ ಬರುತ್ತದೆ ಅನ್ನುತ್ತೀರಿ. ಬರುವುದು ಒಂದು. ಅರ್ಧಕ್ಕೆ ವಿಮೆ ಮಾಡಿಸಿದವನಿಗೆ ನಷ್ಟದಲ್ಲೂ ಅರ್ಧ. ನೂರಕ್ಕೆ ಹದಿನೈದರವರೆಗಿನ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಖರೀದಿ ಬಿಲ್ಲು, ಸ್ಟಾಕ್ ಪುಸ್ತಕ ಅಂಗಡಿಯಲ್ಲೇ ಇಟ್ಟರೆ ಅವೂ ನೆನೆಯುತ್ತವೆ, ಮೊಬೈಲಿನಲ್ಲಿ ಫೋಟೊ ಇರಲಿ.

ಬೆಳೆ ವಿಮೆ ಬೇಡ ಅಂತ ನಾನು ಹೇಳಿದ ಹಾಗಾಗಬಾರದು. ಮುಂಗಾರಿನ ರಾಗಿಯಂಥ ಬೆಳೆಗೆ ರೈತರು ಕಟ್ಟುವ ಪ್ರೀಮಿಯಂ ವಿಮಾ ಮೊತ್ತದ ನೂರಕ್ಕೆ ಎರಡು ಮಾತ್ರ. ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆ ಅಕಾಲದ ಮಳೆಗೆ ಹಾಳಾದರೆ, ಕೊಯ್ದ ಹದಿನಾಲ್ಕು ದಿನದವರೆಗೆ ರಕ್ಷಣೆ ಇದೆ. ನವೆಂಬರಿನ ರಾಗಿಗೆ ಹೇಳಿ ಮಾಡಿಸಿದ ನಿಯಮ. ಆದರೆ 72 ಗಂಟೆಯೊಳಗೆ ದೂರು ದಾಖಲಾಗಬೇಕು. ಹೊಲದಲ್ಲಿ ನೀರು ನಿಂತಾಗ ಯಾರು ಗಂಟೆ ಲೆಕ್ಕ ಹಾಕುತ್ತಾರೆ ಹೇಳಿ? ಅದಕ್ಕೇ ದೂರು ಕೊಡುವ ನಂಬರು ಮೊದಲೇ ಮೊಬೈಲಿನಲ್ಲಿ ಇರಬೇಕು.

ಹಿಂದಿನ ಸಾಲಿನಿಂದ ಒಬ್ಬರು ಭೂಕಂಪದ ಬಗ್ಗೆ ಚೀಟಿ ಕಳಿಸಿದ್ದಾರೆ. 2021ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ಲು ಕಡೆ ನೆಲ ನಡುಗಿ, ಜನ ಚಳಿಯಲ್ಲಿ ಹೊರಗೆ ಮಲಗಿದ್ದು ನಿಜ. ತೀವ್ರತೆ 3ರ ಆಸುಪಾಸು. ವರ್ಷಗಟ್ಟಲೆ ಒಣಗಿದ್ದ ಬಂಡೆಯ ಬಿರುಕುಗಳಿಗೆ ಆ ವರ್ಷದ ನೀರು ಇಳಿದು, ಒಳಗೆ ಒತ್ತಡ ಬದಲಾಗಿ ಹೀಗಾಗಿದೆ ಅಂತ ತಜ್ಞರು ಹೇಳಿದ್ದರು. ದೊಡ್ಡ ಹಾನಿ ಆಗಲಿಲ್ಲ. ಸಿಡಿಲಿನ ಬಗ್ಗೆಯೂ ಕೇಳಿದ್ದಾರೆ. 2022ರಿಂದ 26ರ ಅವಧಿಯ ಕೇಂದ್ರದ ವಿಪತ್ತು ಪಟ್ಟಿಯಲ್ಲಿ ಸಿಡಿಲು ಇರಲಿಲ್ಲ. ರಾಜ್ಯಗಳು ತಮ್ಮಲ್ಲಿ ಮಾತ್ರ ಆಗುವ ಅನಾಹುತಗಳನ್ನು ಘೋಷಿಸಿ, ನಿಧಿಯಲ್ಲಿ ನೂರಕ್ಕೆ ಹತ್ತರವರೆಗೆ ಅದಕ್ಕೆ ಬಳಸಬಹುದು.

ಇನ್ನೊಂದು ಚೀಟಿ ಬಾಡಿಗೆ ಮನೆಯವರದು. "ಮನೆ ಬಿದ್ದರೆ ದುಡ್ಡು ಮಾಲೀಕರಿಗೆ, ನಮಗೇನು ಅಣ್ಣ?" ಮನೆಯ ದುಡ್ಡು ಮಾಲೀಕರಿಗೇ ಹೋಗುತ್ತದೆ, ನಿಜ. ಆದರೆ ನೀರು ನುಗ್ಗಿ ಹಾಳಾದ ಪಾತ್ರೆ, ಬಟ್ಟೆಗೆ ಕೊಡುವ ದುಡ್ಡು ಬೇರೆ. ದರಪಟ್ಟಿಯಲ್ಲಿ ಬಟ್ಟೆಗೆ 2,500, ಪಾತ್ರೆ ಮತ್ತು ಮನೆ ಸಾಮಾನಿಗೆ 2,500. ಅದು ಕುಟುಂಬಕ್ಕೆ ಸೇರಬೇಕಾದದ್ದು, ಅಲ್ಲಿ ವಾಸ ಇದ್ದವರಿಗೆ. ವಾಸ ಇದ್ದೀರಿ ಅಂತ ತೋರಿಸುವುದಕ್ಕೆ ರೇಷನ್ ಕಾರ್ಡು, ಬಾಡಿಗೆ ಕರಾರು, ಗ್ಯಾಸ್ ಪುಸ್ತಕ, ಏನಿದ್ದರೂ ತೋರಿಸಿ. ಸರ್ವೆಗೆ ಬಂದವರು ಮಾಲೀಕರ ಹೆಸರು ಮಾತ್ರ ಬರೆದುಕೊಂಡು ಹೊರಟರೆ ಅಲ್ಲೇ ನಿಲ್ಲಿಸಿ, ನಿಮ್ಮ ಕುಟುಂಬದ ಹೆಸರೂ ಬರೆಸಿ. ಬರೆಯದೆ ಹೋದರೆ ಅದೇ ದಿನ ಕೈಬರಹದ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಕಚೇರಿಯ ಸೀಲು ಹಾಕಿಸಿಕೊಳ್ಳಿ.